ನಂಬಿಕೆ ಇಲ್ಲ, ಆದರೂ ಹೊರಗುಳಿದ ನೋವು ಏಕೆ?

ಪ್ರಶ್ನೆ: ನನಗೆ ಮೂವತ್ತೆರಡು ವರ್ಷ. ನನ್ನ ತಂದೆ ತಾಯಿ ಯಾವ ಧರ್ಮವನ್ನೂ ಆಚರಿಸುತ್ತಿರಲಿಲ್ಲ. ನನ್ನನ್ನೂ ಹಾಗೆಯೇ ಬೆಳೆಸಿದರು. ದೇವರಿದ್ದಾನೆ ಎಂದು ನನಗೆ ಎಂದೂ ಅನ್ನಿಸಿಲ್ಲ, ಇಲ್ಲವೆಂದು ವಾದಿಸುವ ಹುಮ್ಮಸ್ಸೂ ಇಲ್ಲ. ಆದರೆ ನನ್ನ ಆಪ್ತರೆಲ್ಲ ಒಂದಲ್ಲ ಒಂದು ಧರ್ಮಕ್ಕೆ ಸೇರಿದವರು. ಅವರಿಗೆ ಸೇರಲು ಒಂದು ಜಾಗವಿದೆ, ಹಬ್ಬಗಳಿವೆ, ಎಲ್ಲರಿಗೂ ಬಾಯಿಪಾಠವಾಗಿರುವ ಹಾಡುಗಳಿವೆ. ಕಳೆದ ತಿಂಗಳು ಗೆಳತಿಯ ತಂದೆ ತೀರಿಕೊಂಡರು. ಅಲ್ಲಿ ನೆರೆದಿದ್ದ ಎಲ್ಲರಿಗೂ ಏನು ಹೇಳಬೇಕು, ಯಾವಾಗ ಏಳಬೇಕು, ಯಾವಾಗ ತಲೆಬಾಗಬೇಕು ಎಂಬುದು ಗೊತ್ತಿತ್ತು. ನಾನು ಗೋಡೆಗೊರಗಿ ನಿಂತಿದ್ದೆ. ಬದುಕಿಗೇ ಅರ್ಥವಿಲ್ಲ ಎಂಬ ಭಾವ ಅಂದಿನಿಂದ ಕಾಡುತ್ತಿದೆ. ನನ್ನಲ್ಲಿ ಏನಾದರೂ ಕೊರತೆಯಿದೆಯೇ? ನಂಬಿಕೆ ಇಲ್ಲದಿದ್ದರೂ ಜನರಿಗಾಗಿ ಒಂದು ಧರ್ಮಕ್ಕೆ ಸೇರಿಬಿಡಲೇ?

ಉತ್ತರ: ಮೊದಲ ಪ್ರಶ್ನೆಗೆ ತಡಮಾಡದೆ ಉತ್ತರಿಸುತ್ತೇನೆ. ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಎರಡನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಆಪ್ತಸಮಾಲೋಚನೆಯಲ್ಲಿ ಈ ಸಂಕಟವನ್ನು ಹೇಳಿಕೊಳ್ಳುವವರು ಬಹುಮಟ್ಟಿಗೆ ತಗ್ಗಿದ ದನಿಯಲ್ಲಿ, ತಪ್ಪೊಪ್ಪಿಕೊಳ್ಳುವವರಂತೆ ಹೇಳಿಕೊಳ್ಳುತ್ತಾರೆ. ನಂಬದವರಿಗೆ ಹೀಗೆಲ್ಲ ಅನ್ನಿಸಬಾರದು, ಅನ್ನಿಸಿದರೆ ತಮ್ಮ ವಿಚಾರವೇ ಪೊಳ್ಳು ಎಂದು ಸಾಬೀತಾದಂತೆ ಎಂಬ ಭಯ ಅವರಿಗೆ. ಬೇಡವೆಂದು ಬಿಟ್ಟದ್ದು ಸಿಗಲಿಲ್ಲವೆಂದು ಕೊರಗುವುದು ಹೇಗೆ ನ್ಯಾಯ ಎಂದು ತಮ್ಮನ್ನೇ ದಂಡಿಸಿಕೊಳ್ಳುತ್ತಾರೆ. ನೋವಿನ ಜೊತೆಗೆ ನಾಚಿಕೆಯೂ ಸೇರಿ ಅದು ಎರಡು ಪಟ್ಟಾಗುತ್ತದೆ. ಆ ನಾಚಿಕೆಯನ್ನಾದರೂ ಮೊದಲು ಕಳಚಿಬಿಡೋಣ.

ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಅವರ ಸಂಗಡಿಗರು 2000ದಲ್ಲಿ ಕಂಪ್ಯೂಟರಿನ ಒಂದು ಸರಳ ಚೆಂಡಾಟವನ್ನು ಪ್ರಯೋಗಕ್ಕೆ ಬಳಸಿದರು. ಪರದೆಯ ಮೇಲೆ ಕೆಲವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಾರೆ. ಮೊದಮೊದಲು ನಿಮಗೂ ಚೆಂಡು ಬರುತ್ತದೆ. ಆಮೇಲೆ ಬರುವುದೇ ಇಲ್ಲ, ಉಳಿದವರು ತಮ್ಮತಮ್ಮಲ್ಲೇ ಆಡುತ್ತಾರೆ. ಅಷ್ಟೇ. ಗೆದ್ದರೆ ಬಹುಮಾನವಿಲ್ಲ, ಆಡುವವರ ಪರಿಚಯವೂ ಇಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಆ ಮನುಷ್ಯನ ಮನಸ್ಸು ಕುಗ್ಗುತ್ತದೆ. 2004ರ ಪ್ರಯೋಗದಲ್ಲಿ, ಎದುರಿಗೆ ಆಡುತ್ತಿರುವುದು ಬರೀ ಯಂತ್ರ ಎಂದು ಮೊದಲೇ ತಿಳಿಸಿದರೂ ಫಲ ಬದಲಾಗಲಿಲ್ಲ. 2007ರಲ್ಲಿ ಇನ್ನೂ ಮುಂದೆ ಹೋದರು: ನಿಮ್ಮನ್ನು ಆಟದಿಂದ ಬಿಟ್ಟವರು ಅಮೆರಿಕದ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರು ಎಂದು ನಂಬಿಸಿದರು. ಅಸಹ್ಯಪಡುವ ಜನ ಹೊರಗಿಟ್ಟರೂ ನೋವು ಅಷ್ಟೇ ಆಯಿತು.

ಹಾಗಿರುವಾಗ ನೀವು ಪ್ರೀತಿಸುವ ಜನರ ನಡುವೆ, ಅವರ ದುಃಖದ ಗಳಿಗೆಯಲ್ಲಿ, ಒಬ್ಬರೇ ಹೊರಗೆ ನಿಂತಾಗ ನೋವಾಗದೆ ಇದ್ದೀತೇ? ಹೊರಗುಳಿಯುವಿಕೆಯನ್ನು ನಮ್ಮ ಮನಸ್ಸು ಮೊದಲು ಅನುಭವಿಸುತ್ತದೆ. ಆ ಗುಂಪು ನನಗೆ ಬೇಕಿತ್ತೇ ಎಂಬ ವಿಚಾರ ಆಮೇಲೆ ಬರುತ್ತದೆ. ನಿಮ್ಮ ವಿಚಾರಕ್ಕೂ ಈ ನೋವಿಗೂ ಜಗಳವಿಲ್ಲ.

ವಿಲಿಯಮ್ಸ್ ಅವರ ಪ್ರಯೋಗಗಳಿಂದ ಇನ್ನೊಂದು ಸಂಗತಿ ತಿಳಿಯುತ್ತದೆ, ನಿಮ್ಮ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಚೆಂಡು ಸಿಗದವರಲ್ಲಿ ನಾಲ್ಕು ಭಾವಗಳು ಒಟ್ಟಿಗೆ ಕುಸಿಯುತ್ತವೆ: ನಾನು ಇವರಿಗೆ ಸೇರಿದವನು ಎಂಬ ಭಾವ, ನನ್ನ ಬಗ್ಗೆ ನನಗಿರುವ ಗೌರವ, ನನ್ನ ಬದುಕು ನನ್ನ ಕೈಯಲ್ಲಿದೆ ಎಂಬ ಭರವಸೆ, ನನ್ನ ಇರುವಿಗೆ ಒಂದು ಅರ್ಥವಿದೆ ಎಂಬ ನೆಲೆ. ಕೊನೆಯದನ್ನು ಗಮನಿಸಿ. ಒಂದು ಚೆಂಡಾಟದಿಂದ ಹೊರಗುಳಿದವರಿಗೂ ತಮ್ಮ ಇರುವು ಅರ್ಥ ಕಳೆದುಕೊಂಡಂತೆ ಅನ್ನಿಸುತ್ತದೆ. ಗೋಡೆಗೊರಗಿ ನಿಂತ ಆ ದಿನದಿಂದ ಬದುಕಿಗೆ ಅರ್ಥವಿಲ್ಲ ಎಂಬ ಭಾವ ಕಾಡುತ್ತಿದೆ ಎಂದು ನೀವು ಬರೆದಿದ್ದೀರಿ. ದೇವರಿಲ್ಲದ್ದರಿಂದ ಅರ್ಥವಿಲ್ಲ ಎಂದು ನೀವು ಕಾರಣ ಕಟ್ಟುತ್ತಿದ್ದೀರಿ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಹೊರಗುಳಿದ ಪೆಟ್ಟು ಮೊದಲು ಬಿತ್ತು, ಅರ್ಥ ಕಳೆದದ್ದು ಆ ಪೆಟ್ಟಿನಿಂದ. ಈ ಎರಡು ವಿವರಣೆಗಳಿಗೆ ಚಿಕಿತ್ಸೆ ಬೇರೆಬೇರೆ. ಮೊದಲನೆಯದನ್ನು ಒಪ್ಪಿದರೆ ನೀವು ನಂಬಿಕೆಯನ್ನು ಹುಡುಕಿಕೊಂಡು ಅಲೆಯುತ್ತೀರಿ. ಎರಡನೆಯದನ್ನು ಒಪ್ಪಿದರೆ ಜನರನ್ನು ಹುಡುಕುತ್ತೀರಿ.

ಈ ನೋವು ದುರ್ಬಲರದ್ದು ಎಂದು ನಿಮಗೆ ಅನ್ನಿಸಿದರೆ ಥಾಮಸ್ ಹೆನ್ರಿ ಹಕ್ಸ್‌ಲಿ ಅವರನ್ನು ನೆನೆಯಿರಿ. ಡಾರ್ವಿನ್ನರ ಪರವಾಗಿ ಇಂಗ್ಲೆಂಡಿನ ಧರ್ಮಗುರುಗಳೊಡನೆ ಎದೆಯೊಡ್ಡಿ ವಾದಿಸಿದ ಜೀವವಿಜ್ಞಾನಿ ಅವರು. 1869ರಲ್ಲಿ ಲಂಡನ್ನಿನ ಮೆಟಫಿಸಿಕಲ್ ಸೊಸೈಟಿಯಲ್ಲಿ ಆಸ್ತಿಕರೂ ನಾಸ್ತಿಕರೂ ಒಟ್ಟಿಗೆ ಕೂತು ಚರ್ಚಿಸತೊಡಗಿದಾಗ, ಅಲ್ಲಿದ್ದವರೆಲ್ಲರೂ ಒಂದಲ್ಲ ಒಂದು ವಾದಕ್ಕೆ ಸೇರಿದವರಾಗಿದ್ದರು. ತನಗೆ ಮಾತ್ರ ಹೊದೆಯಲು ಹೆಸರಿನ ಒಂದು ಚಿಂದಿಯೂ ಇರಲಿಲ್ಲ ಎಂದು ಅವರು 1889ರ ಪ್ರಬಂಧವೊಂದರಲ್ಲಿ ಬರೆದುಕೊಂಡಿದ್ದಾರೆ. ಬೋನಿನಲ್ಲಿ ಬಾಲ ಕಳೆದುಕೊಂಡು ಬಂದ ಕಥೆಯ ನರಿ, ಬಾಲವಿರುವ ನರಿಗಳ ಮುಂದೆ ನಿಂತಾಗ ಪಟ್ಟಿರಬಹುದಾದ ಕಸಿವಿಸಿಯೇ ತನ್ನದೂ ಆಗಿತ್ತು ಎನ್ನುತ್ತಾರೆ. ಕೊನೆಗೆ ತಮಗೊಂದು ಹೆಸರನ್ನು ತಾವೇ ಇಟ್ಟುಕೊಂಡರು; ಅಜ್ಞೇಯತಾವಾದಿ, ಎಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂದು ನಾವು ಇಂದು ಕರೆಯುವುದು ಅದನ್ನೇ. ಅಷ್ಟು ದೊಡ್ಡ ವಾದಪಟುವಿಗೂ ಆ ಮೇಜಿನ ಸುತ್ತ ತನ್ನದೊಂದು ಜಾಗ ಬೇಕಿತ್ತು. ಆ ಹಂಬಲವನ್ನು ಮುಚ್ಚಿಡದೆ ಬರೆದರಲ್ಲ, ಅದಕ್ಕಾಗಿ ನನಗೆ ಅವರ ಮೇಲೆ ಬಹಳ ಗೌರವ.

ಇನ್ನು, ನಿಮ್ಮ ಗೆಳೆಯರ ಬಳಿ ಇರುವುದೇನು, ನಿಮ್ಮ ಬಳಿ ಇಲ್ಲದ್ದೇನು ಎಂದು ಬಿಡಿಸಿ ನೋಡೋಣ. ಅಮೆರಿಕದ ಸಮಾಜವಿಜ್ಞಾನಿಗಳಾದ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತ್ತು. ಧಾರ್ಮಿಕರು ಬದುಕಿನಲ್ಲಿ ಹೆಚ್ಚು ತೃಪ್ತರೆಂದು ಸಮೀಕ್ಷೆಗಳು ಹೇಳುತ್ತವಲ್ಲ, ಅದು ಯಾವುದರಿಂದ? ದೇವರ ಮೇಲಿನ ಪ್ರೀತಿಯಿಂದಲೇ, ಒಂಟಿಯಾಗಿ ಮಾಡುವ ಪ್ರಾರ್ಥನೆಯಿಂದಲೇ? ಅವರಿಗೆ ಕಂಡ ಉತ್ತರ: ಒಟ್ಟಿಗೆ ಪ್ರಾರ್ಥಿಸುವ ಬಳಗದಲ್ಲಿ ಬೆಳೆದ ಗೆಳೆತನದಿಂದ. ತಪ್ಪದೆ ಹೋಗುತ್ತಿದ್ದರೂ ಅಲ್ಲಿ ಗೆಳೆಯರೇ ಇಲ್ಲದವರು, ಹೋಗದೆ ಇರುವವರಿಗಿಂತ ಹೆಚ್ಚು ತೃಪ್ತರಾಗಿರಲಿಲ್ಲ. ಆದರೆ ಇಲ್ಲಿ ಒಂದು ತಿರುವಿದೆ. ಆ ಗೆಳೆತನ ಫಲ ಕೊಟ್ಟದ್ದು ಧರ್ಮದ ಗುರುತು ತಮ್ಮ ಬಾಳಿನಲ್ಲಿ ಮುಖ್ಯ ಎಂದು ಭಾವಿಸಿದವರಿಗೆ. ಬರೀ ಸಹವಾಸ ಸಾಲದು. ನಾವೆಲ್ಲ ಒಂದೇ ಕಾರಣಕ್ಕೆ ಇಲ್ಲಿದ್ದೇವೆ ಎಂಬ ಭಾವವೂ ಬೇಕು.

ಜನರಿಗಾಗಿ ಸೇರಿಬಿಡಲೇ ಎಂಬ ನಿಮ್ಮ ಪ್ರಶ್ನೆಗೆ ಇಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ಒಳಗೆ ಒಪ್ಪದ ಮಾತನ್ನು ವಾರವಾರವೂ ಬಾಯಲ್ಲಿ ಹೇಳುತ್ತಾ ಕೂತರೆ ನೀವು ಆ ಬಳಗದ ನಡುವೆಯೇ ಒಬ್ಬಂಟಿಯಾಗುತ್ತೀರಿ. ಅವರು ಪ್ರೀತಿಸುವುದು ನೀವು ತೋರಿಸಿದ ಮುಖವನ್ನು. ನಿಜವಾದ ನೀವು ಆಗಲೂ ಗೋಡೆಯ ಬಳಿಯೇ ಇರುತ್ತೀರಿ. ಸಿಕ್ಕಿಬೀಳುವ ಭಯವೂ ಅದಕ್ಕೆ ಸೇರುತ್ತದೆ. ನನ್ನ ಸ್ಪಷ್ಟ ಸಲಹೆ: ನಟಿಸಬೇಡಿ. ಕುತೂಹಲವಿದ್ದರೆ ಮಾತ್ರ ಧಾರಾಳವಾಗಿ ಹೋಗಿ. ನಾನು ನಂಬುವವನಲ್ಲ, ಆದರೆ ನಿಮ್ಮೊಡನೆ ಕೂತಿರಲು ಇಷ್ಟ ಎಂದು ಮೊದಲೇ ಹೇಳಿ ಹೋಗಿ. ಅತಿಥಿಯಾಗಿ ಬರುವವರನ್ನು ಬಹುತೇಕ ಬಳಗಗಳು ಸಂತೋಷದಿಂದ ಕೂರಿಸಿಕೊಳ್ಳುತ್ತವೆ. ದೇವರನ್ನು ನಂಬಲೇಬೇಕೆಂದು ಕೇಳದ ಬಳಗಗಳೂ ಇವೆ: 1876ರಲ್ಲಿ ನ್ಯೂಯಾರ್ಕಿನಲ್ಲಿ ಫೀಲಿಕ್ಸ್ ಆಡ್ಲರ್ ಆರಂಭಿಸಿದ ನೈತಿಕ ಸಂಸ್ಕೃತಿ ಚಳವಳಿ, 1961ರಲ್ಲಿ ಎರಡು ಹಳೆಯ ಪಂಥಗಳು ಒಂದಾಗಿ ರೂಪುಗೊಂಡ ಯೂನಿಟೇರಿಯನ್ ಯೂನಿವರ್ಸಲಿಸ್ಟರು, 1963ರಲ್ಲಿ ಶೆರ್ವಿನ್ ವೈನ್ ಕಟ್ಟಿದ ಮಾನವತಾವಾದಿ ಯೆಹೂದಿ ಸಮುದಾಯ. ಮುಂದೆಂದಾದರೂ ನಿಮಗೆ ನಿಜವಾಗಿಯೇ ನಂಬಿಕೆ ಹುಟ್ಟಿದರೆ ಅದರಲ್ಲಿಯೂ ಸೋಲೇನಿಲ್ಲ. ಒಂಟಿತನದಿಂದ ಪಾರಾಗಲು ನಂಬಿಕೆಯನ್ನು ಬಾಡಿಗೆಗೆ ತರಬೇಡಿ ಎಂದಷ್ಟೇ ನನ್ನ ಕೋರಿಕೆ.

ಈಗ ನಿಮಗೆ ಹಿತವಾಗದ ಒಂದು ಮಾತು. ಧರ್ಮವಿಲ್ಲದವರು ಕಟ್ಟುವ ಬಳಗಗಳು ಅನೇಕ ಸಲ ಬೇಗ ಸಡಿಲವಾಗುತ್ತವೆ. 2013ರ ಜನವರಿಯಲ್ಲಿ ಲಂಡನ್ನಿನಲ್ಲಿ ಇಬ್ಬರು ಹಾಸ್ಯ ಕಲಾವಿದರು ಸಂಡೇ ಅಸೆಂಬ್ಲಿ ಎಂಬ ಕೂಟವನ್ನು ಆರಂಭಿಸಿದರು. ದೇವರಿಲ್ಲದ ಪ್ರಾರ್ಥನಾಸಭೆಯಂತೆ ಅದು: ಹಾಡು, ಭಾಷಣ, ಮೌನ, ಆಮೇಲೆ ಮಾತುಕತೆ. ಅದು ಹಲವು ದೇಶಗಳ ಹತ್ತಾರು ನಗರಗಳಿಗೆ ಹಬ್ಬಿತು. ಕೆಲವೇ ವರ್ಷಗಳಲ್ಲಿ ಅನೇಕ ಕಡೆ ಮುಚ್ಚಿಯೂ ಹೋಯಿತು. ಇದು ಹೊಸ ಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಜನ ಒಟ್ಟಾಗಿ ಬಾಳಲು ಕಟ್ಟಿಕೊಂಡ ಸಮುದಾಯಗಳ ಆಯುಸ್ಸನ್ನು ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಅಳೆದು ನೋಡಿದರು. ಧಾರ್ಮಿಕ ಸಮುದಾಯಗಳು ಉಳಿದವುಗಳಿಗಿಂತ ಬಹಳ ಹೆಚ್ಚು ಕಾಲ ಬಾಳಿದ್ದವು. ಅವುಗಳಲ್ಲಿಯೂ ಸದಸ್ಯರಿಂದ ಹೆಚ್ಚು ತ್ಯಾಗ, ಹೆಚ್ಚು ಕಟ್ಟುಪಾಡು ಬೇಡಿದವು ಇನ್ನೂ ಹೆಚ್ಚು ಕಾಲ ನಿಂತವು. ಆದರೆ ಧರ್ಮವಿಲ್ಲದ ಸಮುದಾಯಗಳಲ್ಲಿ ಅದೇ ಕಟ್ಟುಪಾಡುಗಳು ಆಯುಸ್ಸನ್ನು ಹೆಚ್ಚಿಸಲಿಲ್ಲ.

ಇದನ್ನು ನಾನು ಹೀಗೆ ಓದಿಕೊಳ್ಳುತ್ತೇನೆ. ಸುಮ್ಮನೆ ಬೇಡಿದ ತ್ಯಾಗವನ್ನು ಯಾರೂ ಬಹುಕಾಲ ಕೊಡುವುದಿಲ್ಲ. ತನಗಿಂತ ದೊಡ್ಡದೆಂದು ಒಪ್ಪಿದ್ದಕ್ಕೆ ಮಾತ್ರ ಕೊಡುತ್ತಾರೆ. ಒಂಟಿತನ ಕಳೆಯಲೆಂದೇ ಸೇರಿದ ಗುಂಪು, ಒಂಟಿತನ ಕಳೆದ ದಿನ ಚದುರುತ್ತದೆ. ನಮಗೆ ಬಂಧ ಬೇಕು, ಬಂಧನ ಬೇಡ. ಇಷ್ಟವಾದಾಗ ಹೋಗುವ, ಬೇಸರವಾದಾಗ ಬಿಡುವ ಸ್ವಾತಂತ್ರ್ಯ ಬೇಕು, ಆದರೆ ಕಾಯಿಲೆ ಬಿದ್ದಾಗ ಬಾಗಿಲು ತಟ್ಟುವ ಜನವೂ ಬೇಕು. ಇವೆರಡೂ ಒಟ್ಟಿಗೆ ದೊರೆಯುವುದು ಅಪರೂಪ. ನಿಮ್ಮ ಗೆಳೆಯರು ಮನಸ್ಸಿಲ್ಲದ ದಿನಗಳಲ್ಲೂ ಎದ್ದು ಹೋಗುತ್ತಾರೆ, ಇಷ್ಟವಿಲ್ಲದವರ ಪಕ್ಕದಲ್ಲೂ ಕೂರುತ್ತಾರೆ, ದುಡಿಮೆಯ ಒಂದು ಪಾಲನ್ನು ಕೊಡುತ್ತಾರೆ. ನೀವು ಅಸೂಯೆಪಡುತ್ತಿರುವ ಆ ಬೆಚ್ಚನೆಯ ಬಳಗ ಅದರ ಫಲ.

ಆದ್ದರಿಂದ ನಿಮ್ಮ ಮಟ್ಟಿಗೆ ಪವಿತ್ರವಾದದ್ದು ಏನು ಎಂದು ಮೊದಲು ಕೇಳಿಕೊಳ್ಳಿ. ಯಾರಾದರೂ ಅದನ್ನು ಹಗುರವಾಗಿ ಆಡಿದರೆ ನಿಮಗೆ ಸಿಟ್ಟು ಬರುವಂಥದ್ದು, ಒಂದು ಸಂಜೆಯ ಸುಖವನ್ನು ಬಿಟ್ಟುಕೊಟ್ಟರೂ ಕೊರಗಿಲ್ಲ ಎನ್ನಿಸುವಂಥದ್ದು. ಸಾಯುತ್ತಿರುವವರ ಆರೈಕೆ ಇರಬಹುದು, ಓದಲು ಬಾರದವರಿಗೆ ಅಕ್ಷರ ಕಲಿಸುವುದಿರಬಹುದು, ರಕ್ತದಾನ, ಗಿಡಮರಗಳ ರಕ್ಷಣೆ, ರಂಗಭೂಮಿ, ಸಂಗೀತ ಇರಬಹುದು. ಅದರ ಸುತ್ತ ಈಗಾಗಲೇ ಸೇರುತ್ತಿರುವ ಗುಂಪನ್ನು ಹುಡುಕಿ. ವಾರಕ್ಕೊಮ್ಮೆಯಾದರೂ ಸೇರುವಂಥದ್ದೇ ಆಗಲಿ, ಬರುವವರು ಬಹುಮಟ್ಟಿಗೆ ಅವರೇ ಆಗಿರಲಿ. ಹೋದ ಕೆಲವೇ ವಾರಗಳಲ್ಲಿ ಒಂದು ಕೆಲಸವನ್ನು ಹೊತ್ತುಕೊಳ್ಳಿ: ಕುರ್ಚಿ ಜೋಡಿಸುವುದು, ಬೀಗದ ಕೈ ಇಟ್ಟುಕೊಳ್ಳುವುದು, ಬರದವರಿಗೆ ಫೋನ್ ಮಾಡುವುದು, ಯಾವುದಾದರೂ ಸರಿ. ನೀವು ಬರದಿದ್ದರೆ ಯಾರಿಗಾದರೂ ತೊಂದರೆಯಾಗಬೇಕು. ಪ್ರೇಕ್ಷಕರಾಗಿ ಹೋದ ಕಡೆ ಯಾರೂ ನಿಮ್ಮನ್ನು ಹುಡುಕುವುದಿಲ್ಲ.

ಮೊದಲ ತಿಂಗಳಲ್ಲೇ ಏನೂ ಆಗಲಿಲ್ಲವೆಂದು ಬಿಟ್ಟುಬಿಡಬೇಡಿ. ಗೆಳೆತನಕ್ಕೆ ಎಷ್ಟು ಹೊತ್ತು ಬೇಕೆಂದು ಅಮೆರಿಕದ ಸಂಶೋಧಕ ಜೆಫ್ರಿ ಹಾಲ್ ಲೆಕ್ಕ ಹಾಕಿದ್ದಾರೆ. ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು ಕಾಲ ಒಟ್ಟಿಗೆ ಕಳೆಯಬೇಕಾಗುತ್ತದೆ ಎಂಬುದು ಅವರ ಅಂದಾಜು. ವಾರಕ್ಕೆ ಎರಡು ಗಂಟೆಯಂತೆ ಲೆಕ್ಕ ಹಾಕಿ ನೋಡಿ. ಆಪ್ತತೆಗೆ ಎರಡು ವರ್ಷ ಹಿಡಿಯುತ್ತದೆ. ಹಾಡುವ ಗುಂಪಾದರೆ ಆರಂಭ ಬೇಗ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿದರು. ಒಟ್ಟಿಗೆ ಹಾಡು ಕಲಿತವರು ಮೊದಲ ವಾರಗಳಲ್ಲೇ ಹತ್ತಿರವಾದರು. ಕರಕುಶಲ ಕಲೆಯನ್ನೋ ಬರವಣಿಗೆಯನ್ನೋ ಕಲಿತವರು ನಿಧಾನವಾಗಿ ಬೆಸೆದುಕೊಂಡು ಕೊನೆಯ ಹೊತ್ತಿಗೆ ಅಷ್ಟೇ ಹತ್ತಿರವಾಗಿದ್ದರು. ಧರ್ಮಗಳಿಗೆ ಈ ಗುಟ್ಟು ಸಾವಿರಾರು ವರ್ಷಗಳಿಂದ ಗೊತ್ತು, ಹಾಡದ ಧರ್ಮ ಅಪರೂಪ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಯೆಹೂದಿ ಧರ್ಮಗುರುವಿನ ಮಗ, ಸ್ವತಃ ನಂಬಿಕೆಯನ್ನು ಬಿಟ್ಟವರು. ಜನ ಒಂದೆಡೆ ಸೇರಿ ಒಂದೇ ಕ್ರಿಯೆಯಲ್ಲಿ ತೊಡಗಿದಾಗ ಅವರ ನಡುವೆ ಉಕ್ಕಿಬರುವ ಹುರುಪನ್ನು ಧರ್ಮದ ತಿರುಳಿನಲ್ಲಿ ಗುರುತಿಸಿ ಅವರು 1912ರಲ್ಲೇ ಬರೆದರು.

ಇನ್ನು ಸಾವಿನ ಮನೆಯ ಮಾತು. ಅಲ್ಲಿ ನಿಮ್ಮನ್ನು ಕಂಗೆಡಿಸಿದ್ದು ಬರೀ ಒಂಟಿತನವಲ್ಲ ಎಂದು ನನಗೆ ತೋರುತ್ತದೆ. ನಾಳೆ ನನ್ನವರು ಯಾರಾದರೂ ತೀರಿಕೊಂಡರೆ ನಾನು ಏನು ಮಾಡುತ್ತೇನೆ ಎಂಬ ಪ್ರಶ್ನೆ ಅದರ ಬೆನ್ನಿಗಿತ್ತು. ಸಂಶೋಧಕರಾದ ಮೈಕೆಲ್ ನಾರ್ಟನ್ ಮತ್ತು ಫ್ರಾನ್ಸೆಸ್ಕಾ ಜಿನೊ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಕಳೆದುಕೊಂಡವರು ಯಾವುದಾದರೊಂದು ವಿಧಿಯನ್ನು ನಡೆಸಿದಾಗ ದುಃಖ ತುಸು ಹಗುರವಾಗುತ್ತದೆ ಎಂದು ತೋರಿಸಿದವು. ವಿಧಿಗಳಲ್ಲಿ ನಂಬಿಕೆ ಇಲ್ಲವೆಂದವರಿಗೂ ಅದು ಫಲಿಸಿತು. ಕೈಮೀರಿ ಹೋದದ್ದರ ಎದುರು ಕೈಗೊಂದು ಕೆಲಸ ಸಿಕ್ಕಿದಾಗ ಮನಸ್ಸು ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಹೆಸರನ್ನು ಗಟ್ಟಿಯಾಗಿ ಹೇಳುವುದು, ಅವರು ಬರೆದ ಪತ್ರವನ್ನು ಓದುವುದು, ಪ್ರತಿ ವರ್ಷ ಅದೇ ದಿನ ಅದೇ ಜನ ಸೇರುವುದು: ಇವುಗಳಿಗೆ ಯಾರ ಅನುಮತಿಯೂ ಬೇಕಿಲ್ಲ.

ಎಲ್ಲವನ್ನೂ ಒಬ್ಬರೇ ಹೊಸದಾಗಿ ಸೃಷ್ಟಿಸಲು ಮಾತ್ರ ಹೋಗಬೇಡಿ. ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ ಮಾನವತೆಯ ಧರ್ಮವೊಂದನ್ನು ರೂಪಿಸಿ, 1849ರಲ್ಲಿ 28 ದಿನಗಳ 13 ತಿಂಗಳುಳ್ಳ ಪಂಚಾಂಗವನ್ನೇ ಬರೆದು, ದಿನಕ್ಕೊಬ್ಬ ಮಹಾಪುರುಷನನ್ನು ಗೊತ್ತುಮಾಡಿದರು. ಇಂದು ಅದನ್ನು ನೋಡಿ ದಿನ ಎಣಿಸುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಹೋಲಿಸಿದರೆ ನಾರ್ವೆಯಲ್ಲಿ 1951ರಲ್ಲಿ ಶುರುವಾದ ಧರ್ಮರಹಿತ ದೀಕ್ಷಾ ಸಮಾರಂಭ ಬಹಳ ಸಣ್ಣ ಹೆಜ್ಜೆ. ಪ್ರಾಯಕ್ಕೆ ಬರುತ್ತಿರುವ ಮಕ್ಕಳಿಗೆ ಒಂದು ಶಿಕ್ಷಣ, ಕೊನೆಯಲ್ಲಿ ಮನೆಯವರ ಮುಂದೆ ಒಂದು ಸಭೆ. ಅದು ಇಂದಿಗೂ ಸಾವಿರಾರು ಮಕ್ಕಳನ್ನು ಸೆಳೆಯುತ್ತಿದೆ. ಜನಕ್ಕೆ ಆಗಲೇ ಬೇಕಾಗಿದ್ದ ಒಂದು ಗಳಿಗೆಗೆ ಅದು ರೂಪ ಕೊಟ್ಟಿತು.

ನಿಮ್ಮ ಗೆಳತಿಯ ವಿಷಯ ಹೇಳುವುದಾದರೆ, ಅವರೊಡನೆ ಇದನ್ನು ಮಾತಾಡಿ. ನಿಮ್ಮ ಪ್ರಾರ್ಥನೆಯ ಮಾತು ನನಗೆ ಬರುವುದಿಲ್ಲ, ಆ ದಿನ ಏನು ಮಾಡಬೇಕೆಂದು ತಿಳಿಯಲಿಲ್ಲ, ಆದರೆ ನಿನ್ನ ಜೊತೆ ಇರಬೇಕೆಂದು ಬಂದಿದ್ದೆ ಎಂದು ಹೇಳಿ. ಅವರ ತಂದೆಯ ಬಗ್ಗೆ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ವಿಧಿಗಳು ಮುಗಿದು ಜನ ತಂತಮ್ಮ ಕೆಲಸಕ್ಕೆ ಮರಳಿದ ನಂತರದ ವಾರಗಳೇ ಕಳೆದುಕೊಂಡವರಿಗೆ ಹೆಚ್ಚು ಕಷ್ಟದವು. ಮುಂದೆ ಇಂಥ ಸಂದರ್ಭ ಬಂದಾಗ, ಎಲ್ಲರೂ ಎದ್ದಾಗ ಏಳುವುದರಲ್ಲಿ, ಮೌನವಾದಾಗ ಮೌನವಾಗಿರುವುದರಲ್ಲಿ ಸುಳ್ಳೇನೂ ಇಲ್ಲ. ಅದು ದುಃಖದಲ್ಲಿರುವವರಿಗೆ ತೋರುವ ಮರ್ಯಾದೆ. ನಾನು ನಂಬುತ್ತೇನೆ ಎಂದು ಹೇಳಿಸುವ ಮಾತು ಬಂದಾಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ನೀವು ಬರೆಯದಿದ್ದರೂ ಇನ್ನೊಂದು ಸಂಗತಿ ಇದರಲ್ಲಿ ಇರಬಹುದು: ಇತರರ ಶಂಕೆ. ಧರ್ಮವಿಲ್ಲದವರಿಗೆ ನೀತಿಯೂ ಇರದು ಎಂಬ ಗುಮಾನಿ ಬಹಳ ಆಳದ್ದು. 13 ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಘೋರ ಅಪರಾಧಿಯೊಬ್ಬನ ವಿವರಣೆಯನ್ನು ಓದಿದ ಜನ ಅವನು ನಾಸ್ತಿಕನಿರಬೇಕೆಂದು ಊಹಿಸುವ ಸಾಧ್ಯತೆಯೇ ಹೆಚ್ಚಾಗಿತ್ತು. ನಾಸ್ತಿಕರೂ ಅದೇ ಊಹೆಗೆ ಬಿದ್ದರು. ಅಂದರೆ ಈ ಅನುಮಾನ ನಿಮ್ಮೊಳಗೂ ಕುಳಿತು ನಿಮ್ಮ ಮೇಲೆಯೇ ತೀರ್ಪು ಕೊಡುತ್ತಿರಬಹುದು. ಇದಕ್ಕೆ ವಾದದಿಂದ ಉತ್ತರ ಸಿಗುವುದು ಕಡಿಮೆ, ನಿಮ್ಮ ನಡತೆಯನ್ನು ಹತ್ತಿರದಿಂದ ಕಂಡವರ ಅನುಮಾನ ತಾನೇ ಕರಗುತ್ತದೆ. ನೀವು ಯಾವ ಧರ್ಮದವರು ಎಂದು ಕೇಳಿದವರಿಗೆ, ನಾನು ಯಾವುದನ್ನೂ ಆಚರಿಸುವುದಿಲ್ಲ, ನಿಮ್ಮದನ್ನು ಕೇಳಲು ಇಷ್ಟ ಎಂದರೆ ಸಾಕು. ಯಾವ ಧರ್ಮವನ್ನೂ ಒಪ್ಪದಿರುವ ಹಕ್ಕು 1948ರ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿಯ ವ್ಯಾಪ್ತಿಗೇ ಸೇರುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಇದನ್ನು ಬಿಡಿಸಿ ಹೇಳಿತು. ಆದರೂ ಬಾಯಿಬಿಟ್ಟು ಹೇಳುವುದು ಅಪಾಯವಾಗುವ ದೇಶಗಳೂ ಮನೆಗಳೂ ಇವೆ. ಅಂಥಲ್ಲಿ ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದನ್ನು ನಿಮ್ಮ ಸುರಕ್ಷತೆಯನ್ನು ನೋಡಿಕೊಂಡು ನಿರ್ಧರಿಸಿ.

ನಿಮ್ಮಂಥವರು ಕಡಿಮೆಯೇನೂ ಇಲ್ಲ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2020ರಲ್ಲಿ ಜಗತ್ತಿನ ಶೇಕಡ 24ರಷ್ಟು ಜನ, ಎಂದರೆ ಸುಮಾರು 190 ಕೋಟಿ ಜನ, ಯಾವ ಧರ್ಮಕ್ಕೂ ಸೇರದವರು. ಆದರೆ ಈ ಸಂಖ್ಯೆಯಿಂದ ನಿಮಗೆ ಸಮಾಧಾನವಾಗುತ್ತದೆ ಎಂದು ನಾನು ನಂಬುವುದಿಲ್ಲ. ನಿಮ್ಮ ಸುತ್ತ ಇರುವವರು ಯಾರು ಎಂಬುದೇ ಮುಖ್ಯ. ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 2011ರಲ್ಲಿ ಕಂಡುಕೊಂಡಂತೆ, ಬದುಕು ಕಷ್ಟವಾಗಿರುವ, ಹೆಚ್ಚಿನವರು ಧಾರ್ಮಿಕರಾಗಿರುವ ದೇಶಗಳಲ್ಲಿ ಧಾರ್ಮಿಕರು ಹೆಚ್ಚು ನೆಮ್ಮದಿಯಲ್ಲಿದ್ದಾರೆ. ಬದುಕು ಸುಗಮವಾಗಿರುವ, ಧರ್ಮದ ಹಿಡಿತ ಸಡಿಲವಾಗಿರುವ ದೇಶಗಳಲ್ಲಿ ನಂಬುವವರ ಮತ್ತು ನಂಬದವರ ನೆಮ್ಮದಿ ಹೆಚ್ಚುಕಡಿಮೆ ಒಂದೇ.

ಕೊನೆಯದಾಗಿ ಒಂದು ಎಚ್ಚರಿಕೆ. ಅರ್ಥವಿಲ್ಲ ಎಂಬ ಭಾವ ಎರಡು ವಾರಗಳಿಗಿಂತ ಹೆಚ್ಚು ಕಾಲ ದಿನವಿಡೀ ಕಾಡುತ್ತಿದ್ದರೆ, ನಿದ್ರೆ ಹಸಿವು ಕೆಟ್ಟಿದ್ದರೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಈಗ ರುಚಿಸದಿದ್ದರೆ, ಅದು ಖಿನ್ನತೆಯಾಗಿರಬಹುದು. ಸಾಯಬೇಕೆಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮೊದಲ ಭೇಟಿಯಲ್ಲೇ ನಿಮಗೆ ಧರ್ಮವಿಲ್ಲವೆಂದು ತಿಳಿಸಿ. ಅವರು ನಿಮ್ಮನ್ನು ನಂಬಿಕೆಯ ಕಡೆಗೆ ತಳ್ಳಲು ನೋಡಿದರೆ, ಅಥವಾ ನಂಬುವ ನಿಮ್ಮ ಗೆಳೆಯರನ್ನು ಹಳಿಯತೊಡಗಿದರೆ, ಸಂಕೋಚಪಡದೆ ಬೇರೊಬ್ಬರ ಬಳಿಗೆ ಹೋಗಿ.